ಬಾಡಿಗೆಗಿದ್ದ ಓನರ್ರು

ಚಿತ್ರದುರ್ಗದಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರ್ರು ಪಕ್ಕದ ಬೀದಿಯಲ್ಲಿ ತಾವೂ ಬಾಡಿಗೆಗೇ ಇದ್ದರು. ಒಂಟಿ ಜೀವ. ಸ್ವಂತ ಮನೆಯಲ್ಲಿ ತಾವೇ ಇದ್ದುಬಿಟ್ಟರೆ ಬಾಡಿಗೆ ಕೊಡುವವರು ಯಾರು ಎಂಬುದು ಅವರ ಲೆಕ್ಕ. ವರ್ಷಕ್ಕೊಮ್ಮೆ ಬಂದು, ನಮ್ಮ ಕಿಟಕಿಯ ಪರದೆ ಸರಿಸಿ, "ಕೋಟೆ ಕಾಣ್ತೈತಲ್ಲ, ನೋಡ್ರಿ" ಎನ್ನುತ್ತಿದ್ದರು. ಅಷ್ಟು ಹೇಳಿದರೆ ಬಾಡಿಗೆ ಏರಿತೆಂದೇ ಅರ್ಥ.

ಒಂದು ಬೆಳಿಗ್ಗೆ ಬಂದವರು ಪರದೆಯ ಹತ್ತಿರ ಹೋಗಲೇ ಇಲ್ಲ. ಕುರ್ಚಿಯ ತುದಿಯಲ್ಲಿ ಕುಳಿತು, ಟವೆಲಿನಿಂದ ಮುಖ ಒರೆಸಿಕೊಂಡರು. ಅವರ ಓನರ್ರು ಬಾಡಿಗೆ ಏರಿಸಿದ್ದರಂತೆ.

"ಹಿಂಗಾದ್ರೆ ಬಾಡಿಗೆದಾರ್ರು ಎಲ್ಲಿಗೆ ಹೋಗ್ಬೇಕ್ರಿ? ಸರ್ಕಾರದವ್ರಿಗೆ ಕಣ್ಣಿಲ್ಲೇನ್ರಿ? ಬಾಡಿಗೆಗೊಂದು ಮಿತಿ ಹಾಕ್ಬೇಕು. ನೀವೂ ನನ್ ಜೊತೆ ಬಂದು ಕೇಳ್ರಿ."

ನನ್ನ ಗಂಡ ಅವರ ಜೊತೆ ಹೋಗಿ ನ್ಯಾಯ ಕೇಳಿದರು. ಆ ಓನರ್ರು ಇಬ್ಬರಿಗೂ ಟೀ ಕೊಟ್ಟು, ಕೂಡಲೇ ಮನೆ ಖಾಲಿ ಮಾಡಿ ಎಂದರು. ಊರೆಲ್ಲ ಸುತ್ತಿದರೂ ನಮ್ಮ ಓನರ್ರ ಕೈಗೆಟುಕುವ ಮನೆ ಸಿಗಲಿಲ್ಲ.

"ನಿಮ್ಮ ಮನೆಗೇ ಬನ್ರಿ, ನಾವು ಬಿಟ್ಟುಕೊಡ್ತೀವಿ" ಎಂದೆ, ಒಳಗೊಳಗೇ ಹೆದರುತ್ತ.

ಅವರು ನನಗಿಂತ ಹೆಚ್ಚು ಗಾಬರಿಯಾದರು. "ಬ್ಯಾಡ್ರಿ ತಾಯಿ! ನಿಮ್ ಬಾಡಿಗೆ ನಿಂತ್ರೆ ನಾನು ಹೆಂಗ್ ಬದುಕ್ಲಿ?"

ಕೊನೆಗೆ ನಮ್ಮ ಮುಂದಿನ ಕೋಣೆಯನ್ನು ನಮ್ಮಿಂದಲೇ ಬಾಡಿಗೆಗೆ ಹಿಡಿದರು, ಅದೂ ಚೌಕಾಸಿ ಮಾಡಿ. ನಾವು ಅವರಿಗೆ ಬಾಡಿಗೆ ಕೊಡುತ್ತಿದ್ದೆವು, ಅವರು ನಮಗೆ.

ಟ್ರಂಕು, ಚಾಪೆ ತಂದಿಟ್ಟುಕೊಂಡ ಮರುದಿನವೇ ಬಚ್ಚಲಿನಿಂದ ಅವರ ದನಿ ಕೇಳಿಸಿತು: "ಓನರ್ರೇ, ನಲ್ಲಿ ಸೋರ್ತೈತೆ, ರಿಪೇರಿ ಮಾಡಿಸ್ಕೊಡ್ರಿ!"

ನನ್ನ ಗಂಡ ಪ್ಲಂಬರನ್ನು ಕರೆಯಲು ಓಡಿದರು.