ಮೊಲ ಮರಿ ಹಾಕಿದ ಆ ಚಳಿಗಾಲ

ಗಂಟಲಿನ ಆಪರೇಶನ್ ಆಗಿ ಒಂದು ಮಳೆಗಾಲ ಕಳೆದ ಮೇಲೆ ನಾನು ಮೊಲ ಸಾಕಲು ಶುರು ಮಾಡಿದೆ. ಅದಕ್ಕೂ ಮೊದಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಕುಂದಗೋಳ, ಹುಬ್ಬಳ್ಳಿ, ಕಲಘಟಗಿ ದಾರಿಯಲ್ಲಿ ನನ್ನ ದನಿ ಕೇಳದವರು ಕಡಿಮೆ. ಬಸ್ಸಿಗಿಂತ ಮೊದಲು ನನ್ನ ಕೂಗು ಸ್ಟ್ಯಾಂಡಿಗೆ ಬರುತ್ತದೆ ಎಂದು ಚಹಾದಂಗಡಿಯವರು ನಗುತ್ತಿದ್ದರು. ಅದೇ ಗಂಟಲಲ್ಲಿ ಗಡ್ಡೆ ಬೆಳೆಯಿತು. ಹುಬ್ಬಳ್ಳಿಯ ಡಾಕ್ಟರು ಗಡ್ಡೆಯ ಜೊತೆಗೆ ದನಿ ಹೊರಡಿಸುವ ಎಳೆಯನ್ನೂ ತೆಗೆಯಬೇಕಾಯಿತು. ಜೀವ ಉಳಿಯಿತು, ದನಿಯ ಜಾಗದಲ್ಲಿ ಪಿಸುಮಾತು ಉಳಿಯಿತು. ಡಿಪೋದಲ್ಲಿ ಕೆಲವು ತಿಂಗಳು ಕೂತು ಮಾಡುವ ಕೆಲಸ ಕೊಟ್ಟಿದ್ದರು. ಮಾತಿಲ್ಲದೆ ಅಲ್ಲಿ ಕೂಡುವುದು ನನ್ನಿಂದಾಗದೆ ನೌಕರಿ ಬಿಟ್ಟು ಕುಬಿಹಾಳಕ್ಕೆ ಬಂದೆ.

ಬಂದದ್ದು ಅಣ್ಣನ ಮನೆಗೆ. ನನ್ನ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಮನೆಯಲ್ಲಿ ಅಣ್ಣ, ಅವನ ಹೆಂಡತಿ ವೈನಿ, ಅವರ ಮಗ, ಸೊಸೆ. ಯಾರೂ ನನ್ನನ್ನು ಕಡೆಗಣಿಸಲಿಲ್ಲ. ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ ತಾಟಿಗೆ ಬೀಳುತ್ತಿತ್ತು. ಆದರೆ ಪಿಸುಮಾತಿಗೆ ತುಂಬಿದ ಮನೆಯಲ್ಲಿ ಜಾಗ ಇರುವುದಿಲ್ಲ ಎಂಬುದು ನನಗೆ ಅಲ್ಲಿ ತಿಳಿಯಿತು. ಮಿಕ್ಸರ್ ತಿರುಗುತ್ತಿದ್ದರೆ ನಾನು ನಿಲ್ಲಬೇಕು. ಟೀವಿ ಹಚ್ಚಿದ್ದರೆ ನಾನು ನಿಲ್ಲಬೇಕು. ಎಲ್ಲ ಸುಮ್ಮನಾಗುವ ಹೊತ್ತಿಗೆ ಹೇಳಬೇಕಾದದ್ದು ಹಳೆಯದಾಗಿರುತ್ತಿತ್ತು. ಊರವರು ಇನ್ನೊಂದು ಬಗೆ. ಕೆಲವರು ನನಗೆ ಕಿವಿ ಕೇಳುವುದಿಲ್ಲವೆಂದು ತಿಳಿದು ಚೀರಿ ಮಾತಾಡುತ್ತಿದ್ದರು. ಕೆಲವರು ನಾನು ಪಿಸುಗುಟ್ಟಿದೆನೆಂದು ತಾವೂ ಪಿಸುಗುಟ್ಟಿ, ಸ್ವಲ್ಪ ಹೊತ್ತಾದ ಮೇಲೆ ತಾವೇ ನಾಚಿಕೊಂಡು ಎದ್ದು ಹೋಗುತ್ತಿದ್ದರು. ಫೋನಂತೂ ಕೈಗಡಿಯಾರವಾಯಿತು, ಸಮಯ ನೋಡುವುದಕ್ಕೆ ಮಾತ್ರ.

ದೀಪಾವಳಿ ಮುಗಿದ ಮೇಲೆ ಒಂದು ದಿನ ಚಾಚಾ ಬಂದರು. ನನ್ನ ಬಸ್ಸಿನ ಡ್ರೈವರ್ ಅವರು. ವರ್ಷಗಟ್ಟಲೆ ಅವರು ಮುಂದೆ, ನಾನು ಹಿಂದೆ ಒಂದೇ ಗಾಡಿಯಲ್ಲಿ ತಿರುಗಿದವರು. ರಿಟೈರ್ ಆಗಿ ಕಲಘಟಗಿ ತಾಲೂಕಿನ ದುಮ್ಮವಾಡದಲ್ಲಿ ಮೊಲ ಸಾಕುತ್ತಿದ್ದರು. ತಂತಿ ಮುಚ್ಚಳದ ಬುಟ್ಟಿಯೊಂದನ್ನು ಕಟ್ಟೆಯ ಮೇಲಿಟ್ಟು, "ಕಂಡಕ್ಟರ್ ಸಾಹೇಬ್ರ, ಇವೂ ಮಾತಾಡಂಗಿಲ್ಲ, ನೀವೂ ಮಾತಾಡಂಗಿಲ್ಲ. ಜೋಡಿ ಚಲೋ ಆಕ್ಕೈತಿ" ಎಂದರು. ಬೇರೆ ಯಾರಾದರೂ ಹಾಗೆ ಅಂದಿದ್ದರೆ ನೋವಾಗುತ್ತಿತ್ತು. ಆವತ್ತು ಎಷ್ಟೋ ತಿಂಗಳ ಮೇಲೆ ನಕ್ಕೆ. ಬುಟ್ಟಿಯಲ್ಲಿ ಬೂದು ಬಣ್ಣದ ಹೆಣ್ಣು, ಬಿಳಿಯ ಗಂಡು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು.

ಚಾಚಾ ಹೋದ ಮೇಲೆ ವೈನಿ ಬಾಗಿಲಲ್ಲಿ ನಿಂತರು. "ಮನ್ಯಾಗ ದಿನಾ ಲಿಂಗಪೂಜಿ ನಡಿತೈತಿ ತಮ್ಮಾ. ಕೊಯ್ಯಾಕ ಸಾಕೂದಾದ್ರ ನಮ್ಮ ಹಿತ್ತಲ ಬ್ಯಾಡ."

"ಇಲ್ರಿ ವೈನಿ. ಬರೇ ಸಾಕ್ತೀನಿ."

"ಮತ್ತ ಅಡಿಗಿಮನಿ ಕಡೆ ತರಬ್ಯಾಡ."

ಹಳೆಯ ಕಿಟಕಿಯ ಚೌಕಟ್ಟು, ತಂತಿ ಜಾಳಿಗೆ ಸೇರಿಸಿ ಎರಡು ಗೂಡು ಮಾಡಿದೆ. ಇರುವೆ ಹತ್ತದ ಹಾಗೆ ಅವುಗಳ ಕಾಲನ್ನು ನೀರು ತುಂಬಿದ ಡಬ್ಬಿಗಳಲ್ಲಿ ನಿಲ್ಲಿಸಿದೆ. ಮುಂಜಾನೆ ಬದುವಿನ ಹುಲ್ಲು, ಹಕ್ಕರಕಿ ಸೊಪ್ಪು, ಸಿಕ್ಕರೆ ಗಜ್ಜರಿಯ ಎಲೆ ತಂದು ಹಾಕುತ್ತಿದ್ದೆ. ಮೊಲ ತಿನ್ನುವ ಸದ್ದು ಅಷ್ಟು ಸಣ್ಣದೆಂದು ಗೊತ್ತಿರಲಿಲ್ಲ. ಅದನ್ನು ಕೇಳಬೇಕಾದರೆ ಮನುಷ್ಯ ಅಗದಿ ಸುಮ್ಮನಿರಬೇಕು. ಹಿತ್ತಲಲ್ಲಿ ಬೆಕ್ಕು ಸುಳಿದರೆ ಹೆಣ್ಣು ಹಿಂಗಾಲಿನಿಂದ ಹಲಗೆಗೆ ದಪ್ಪನೆ ಒದೆಯುತ್ತಿತ್ತು. ನಾನು ಕೋಣೆಯಿಂದ ಓಡಿ ಬರುತ್ತಿದ್ದೆ. ಯಾರೋ ನನ್ನನ್ನು ಕರೆದಂತೆ ಆಗುತ್ತಿತ್ತು.

ಹೆಣ್ಣಿಗೆ ವಯಸ್ಸು ತುಂಬಿದಾಗ ಅದನ್ನು ಗಂಡಿನ ಗೂಡಿಗೆ ಬಿಟ್ಟೆ. ಗಂಡನ್ನು ಹೆಣ್ಣಿನ ಗೂಡಿಗೆ ಬಿಡಬಾರದು, ತನ್ನ ಜಾಗಕ್ಕೆ ಬಂತೆಂದು ಕಚ್ಚುತ್ತದೆ ಎಂದು ಚಾಚಾ ಹೇಳಿ ಹೋಗಿದ್ದರು. ಮೊದಲ ದಿನ ಅದು ಮೂಲೆ ಹಿಡಿದು ಕೂತಿತು. ಎರಡನೆಯ ಸಲ ಬಿಟ್ಟಾಗ ನಾನು ನೋಡುನೋಡುತ್ತಿದ್ದಂತೆಯೇ ಮುಗಿದು, ಗಂಡು ಪಕ್ಕಕ್ಕೆ ಉರುಳಿ ಬಿತ್ತು. ಸತ್ತೇಹೋಯಿತೆಂದು ಗಾಬರಿಯಾಗಿ ಕೈ ಹಾಕಿದೆ. ಅದು ಎದ್ದು ಮೈ ಕೊಡವಿ ಹುಲ್ಲು ತಿನ್ನತೊಡಗಿತು.

ಹಣ್ಣಿನ ಅಂಗಡಿಯಿಂದ ಸೇಬಿನ ಕಟ್ಟಿಗೆಯ ಪೆಟ್ಟಿಗೆ ತಂದು, ಒಣಹುಲ್ಲು ಹಾಸಿ ಹೆಣ್ಣಿನ ಗೂಡಿನಲ್ಲಿಟ್ಟೆ. ತಿಂಗಳು ತುಂಬುತ್ತ ಬಂದಂತೆ ಅದು ಬಾಯಿತುಂಬ ಹುಲ್ಲು ಕಚ್ಚಿಕೊಂಡು ಗೂಡೆಲ್ಲ ತಿರುಗಿತು, ಪೆಟ್ಟಿಗೆಯೊಳಗೆ ಹೋಯಿತು, ಬಂತು. ಒಂದು ಚಳಿಯ ಮುಂಜಾನೆ ನೋಡಿದರೆ ಪೆಟ್ಟಿಗೆ ಖಾಲಿ. ಮರಿಗಳು ಬರಿಯ ತಂತಿಯ ಮೇಲೆ ಅಲ್ಲೊಂದು ಇಲ್ಲೊಂದು ಬಿದ್ದಿದ್ದವು. ಕೂದಲಿಲ್ಲದ, ಕಣ್ಣು ಬಿಡದ, ಬೆರಳಿನಷ್ಟು ಉದ್ದದ ಮರಿಗಳು. ಮುಟ್ಟಿದರೆ ಕಲ್ಲಿನ ಹಾಗೆ ತಣ್ಣಗೆ. ಒಂದು ಮಾತ್ರ ಕಾಲು ಅಲ್ಲಾಡಿಸಿತು.

ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಹಿತ್ತಲ ಬಾಗಿಲಲ್ಲಿ ನಿಂತೆ. ವೈನಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಗ್ಯಾಸ್ ಇದ್ದರೂ ರೊಟ್ಟಿ ಮಾತ್ರ ಅವರಿಗೆ ಕಟ್ಟಿಗೆ ಒಲೆಯ ಮೇಲೇ ಆಗಬೇಕು. ನನ್ನ ಮುಖ ನೋಡಿದರು, ಕೈ ನೋಡಿದರು.

"ಏನಾತೋ?"

ಕೈ ತೆರೆದು ತೋರಿಸಿದೆ.

ಅವರು ಕೈಗೆ ಹತ್ತಿದ ಹಿಟ್ಟನ್ನು ಒರೆಸಿಕೊಂಡರು. ಆಮೇಲೆ ಮಣೆಯನ್ನು ಕಾಲಿನಿಂದ ಸರಿಸಿ, "ಬಾ, ಒಲಿ ಮುಂದ ಕುಂದ್ರು" ಎಂದರು. ಒಳಗೆ ಹೋಗಿ ಹಿಡಿ ಹತ್ತಿ ತಂದು ನನ್ನ ಅಂಗೈಯಲ್ಲಿಟ್ಟರು. ರೊಟ್ಟಿ ಬಡಿಯುವುದನ್ನು ಬಿಟ್ಟು ಒಲೆಯ ಉರಿಯನ್ನು ಸಣ್ಣದು ಮಾಡಿದರು. ಮಧ್ಯಾಹ್ನದ ತನಕ ಹಾಗೇ ಕೂತಿದ್ದೆ. ಮರಿ ಬಿಸಿಯಾಯಿತು, ಬಾಯಿ ತೆರೆಯಿತು, ಒಂದು ಗಳಿಗೆ ಬದುಕಿತೆಂದೇ ಅನ್ನಿಸಿತು. ಆಮೇಲೆ ಸುಮ್ಮನಾಯಿತು. ಅಷ್ಟನ್ನೂ ಕರಿಬೇವಿನ ಗಿಡದ ಬುಡದಲ್ಲಿ ಹುಗಿದೆ. ತಾಯಿ ಮೊಲ ಏನೂ ಆಗಿಲ್ಲವೆಂಬಂತೆ ಮುಖ ಒರೆಸಿಕೊಳ್ಳುತ್ತಿತ್ತು. ಅದರ ಮೇಲೆ ಸಿಟ್ಟು ಬಂತು. ಸಿಟ್ಟಾದರೂ ಬಯ್ಯಲು ದನಿ ಬೇಕಲ್ಲ. ಸೊಪ್ಪು ಹಾಕಿ ಕೋಣೆಗೆ ಹೋಗಿ ಮಲಗಿದೆ.

ಮತ್ತೆ ಮರಿ ಮಾಡಿಸಬಾರದೆಂದುಕೊಂಡಿದ್ದೆ. ಆದರೆ ಆ ಪೆಟ್ಟಿಗೆಯನ್ನು ಖಾಲಿ ನೋಡುವುದು ಇನ್ನೂ ಕಷ್ಟವಾಯಿತು. ಕೆಲವು ವಾರ ಬಿಟ್ಟು ಹೆಣ್ಣನ್ನು ಮತ್ತೆ ಗಂಡಿನ ಗೂಡಿಗೆ ಬಿಟ್ಟೆ. ಈ ಸಲ ದಿನ ಹತ್ತಿರ ಬಂದಾಗ ಅದು ತನ್ನ ಎದೆಯ, ಹೊಟ್ಟೆಯ ಕೂದಲನ್ನು ತಾನೇ ಬಾಯಿಯಿಂದ ಕಿತ್ತು ಪೆಟ್ಟಿಗೆಯಲ್ಲಿ ಹಾಸಿತು. ಶಿವರಾತ್ರಿಯ ಮಾರನೆಯ ಮುಂಜಾನೆ ಆ ಬೂದು ಕೂದಲಿನ ರಾಶಿ ಉಸಿರಾಡುವಂತೆ ಮೇಲೆ ಕೆಳಗೆ ಆಗುತ್ತಿತ್ತು. ಮೆಲ್ಲಗೆ ಸರಿಸಿ ನೋಡಿದೆ. ಏಳು ಮರಿ, ಎಲ್ಲವೂ ಬಿಸಿಯಾಗಿದ್ದವು.

ಆದರೆ ತಾಯಿ ಪೆಟ್ಟಿಗೆಯ ಹತ್ತಿರ ಸುಳಿಯಲೇ ಇಲ್ಲ. ಇಡೀ ದಿನ ಗೂಡಿನ ಇನ್ನೊಂದು ಮೂಲೆಯಲ್ಲಿ ಬೆನ್ನು ಹಾಕಿ ಕೂತಿತು. ಮರುದಿನವೂ ಹಾಗೇ. ಹಾಲು ಸಿಗದೆ ಇವೂ ಹೋಗುತ್ತವೆ ಎಂದು ಹೆದರಿದೆ. ಮನೆಯವರೆಲ್ಲ ಕಡಲೆ ಕೀಳಲು ಹೊಲಕ್ಕೆ ಹೋಗಿದ್ದರು. ಚಾಚಾಗೆ ಫೋನ್ ಹಚ್ಚಿದೆ. ಅವರದು ಬಟನ್ ಫೋನು, ಮೆಸೇಜ್ ಓದುವ ರೂಢಿಯಿಲ್ಲ.

"ಹಲೋ? ಯಾರ್ರಿ? ಹಲೋ..."

ನಾನು ಇದ್ದ ಉಸಿರನ್ನೆಲ್ಲ ಹಾಕಿ ಹೆಸರು ಹೇಳಿದೆ. ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದೆ. ಮೂರನೆಯ ಸಲ ಅವರಿಗೆ ಸಿಟ್ಟೇ ಬಂತು. "ಯಾವನಲೇ ಅಂವಾ, ಬರೇ ಉಸರ ಬಿಡ್ತಾನ!"

ಚಪ್ಪಲಿ ಮೆಟ್ಟಿ ಬಸ್ಸು ಹತ್ತಿದೆ. ನೌಕರಿ ಬಿಟ್ಟ ಮೇಲೆ ಒಬ್ಬನೇ ಅಷ್ಟು ದೂರ ಹೋದದ್ದು ಅದೇ ಮೊದಲು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದಾಗ ಬಂದ ಕಂಡಕ್ಟರ್ ಹೊಸ ಹುಡುಗ, ನನ್ನನ್ನು ಬಲ್ಲವನಲ್ಲ.

"ಎಲ್ಲಿಗ್ರಿ?"

"ಕಲಘಟಗಿ" ಎಂದೆ. ಎಂಜಿನ್ನಿನ ಸದ್ದಿನಲ್ಲಿ ನನಗೇ ಕೇಳಲಿಲ್ಲ.

"ಆಂ? ಜೋರ ಹೇಳ್ರಿ ಕಾಕಾ!"

ಮತ್ತೆ ಹೇಳಿದೆ. ಬಾಜುವಿನ ಹೆಣ್ಣುಮಗಳು ನನ್ನ ತುಟಿ ನೋಡಿ, "ಕಲಘಟಗಿ ಅಂತಾರ ನೋಡಪಾ" ಎಂದಳು. ಅವನು ಟಿಕೆಟ್ ಹರಿದು ಕೊಟ್ಟು, ಕಿವುಡನಿಗೆ ಹೇಳುವಂತೆ ಕೈಬಾಯಿ ತಿರುಗಿಸಿ, ಊರು ಬಂದಾಗ ಹೇಳುತ್ತೇನೆಂದು ಸನ್ನೆ ಮಾಡಿದ. ಒಳ್ಳೆಯ ಹುಡುಗ. ನಾನೂ ಕಂಡಕ್ಟರ್ ಆಗಿದ್ದೆ ಎಂದು ಹೇಳುವ ಆಸೆ ಬಾಯಿಗೆ ಬಂದು ಅಲ್ಲೇ ಉಳಿಯಿತು. ದಾರಿಯುದ್ದಕ್ಕೂ ಅವನು ಊರುಗಳ ಹೆಸರು ಕೂಗಿದಾಗಲೆಲ್ಲ ನನ್ನ ಗಂಟಲು ತಾನಾಗಿಯೇ ಅಲ್ಲಾಡುತ್ತಿತ್ತು. ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಕಲಘಟಗಿಯಲ್ಲಿ ಇಳಿದು ಇನ್ನೊಂದು ಗಾಡಿ ಹತ್ತಿ ದುಮ್ಮವಾಡ ಸೇರಿದೆ. ಚಾಚಾ ನನ್ನನ್ನು ನೋಡಿ ಎದ್ದು ನಿಂತರು. "ಅರೆ, ಇಷ್ಟ ದೂರ ಬಂದ್ರಿ! ಒಂದ ಫೋನ್ ಮಾಡೂದಲ್ರಿ?"

"ಮಾಡಿದ್ದೆ ಚಾಚಾ."

ಅವರ ಕೈ ಹಣೆಗೆ ಹೋಯಿತು. "ಅದು ನೀವಾ? ಯಾ ಅಲ್ಲಾ! ನಾ ಬೈದ್ನೆಲ್ರಿ." ನಗಬೇಕೋ ಬೇಡವೋ ತಿಳಿಯದೆ ಅವರು ನನ್ನ ಭುಜ ಹಿಡಿದುಕೊಂಡರು. ನಾನು ನಕ್ಕ ಮೇಲೆ ಅವರೂ ನಕ್ಕರು, ಮತ್ತೆ ಕಣ್ಣು ಒರೆಸಿಕೊಂಡರು. ಕೂಡಿಸಿ, ಚಹಾ ಕೊಟ್ಟು, ತಮ್ಮ ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದು, ಹೇಳುವುದೆಲ್ಲ ಮುಗಿಯುವ ತನಕ ಕೇಳಿದರು. ಆಪರೇಶನ್ ಆದ ಮೇಲೆ ನನ್ನ ಮಾತನ್ನು ನಡುವೆ ತುಂಡರಿಸದೆ ಪೂರ್ತಿ ಕೇಳಿದವರು ಅವರೇ.

"ಅದರ ರೀತಿನ ಹಂಗ್ರಿ," ಎಂದರು. "ಕತ್ತಲ ಹರಿಯೂ ಮುಂದ ಒಮ್ಮೆ ಹೋಗಿ ಹಾಲ ಕುಡಿಸಿ ಬರ್ತೈತಿ. ದಿನವೆಲ್ಲ ಮಗ್ಗಲಾಗ ಕುಂತ್ರ ಬೆಕ್ಕಿಗೆ ಜಾಗಾ ಗೊತ್ತಾಕ್ಕೈತೆಲ್ಲ, ಅದಕ್ಕ ದೂರ ಇರ್ತೈತಿ. ಮುಂಜಾನೆದ್ದು ಮರಿ ಹೊಟ್ಟಿ ನೋಡ್ರಿ, ದುಂಡಗಿದ್ರ ಚಿಂತಿ ಬಿಡ್ರಿ." ಬಸ್ಸಿನ ತನಕ ಬಂದು, "ಇನ್ನ ಮ್ಯಾಲ ಫೋನಿನ್ಯಾಗ ಸೀಟಿ ಊದ್ರಿ. ಒಂದ ಊದಿದ್ರ ಗಾಡಿ ನಿಂತೈತಿ ಅಂತ ತಿಳ್ಕೊಂಡು ಓಡಿ ಬರ್ತೀನಿ. ಎರಡ ಊದಿದ್ರ ಎಲ್ಲಾ ಚಲೋ ಐತಿ, ಆರಾಮಾಗಿ ಬರ್ತೀನಿ" ಎಂದರು. ಕಂಡಕ್ಟರನ ಸೀಟಿಯಿಂದ ಬಸ್ಸು ನಿಲ್ಲಿಸುವ, ಬಿಡುವ ನಮ್ಮ ಹಳೆಯ ಲೆಕ್ಕವೇ ಅದು.

ಮರುದಿನ ಬೆಳಗಾಗುತ್ತಲೇ ಕೂದಲಿನ ರಾಶಿ ಸರಿಸಿದೆ. ಮರಿಗಳ ಹೊಟ್ಟೆ ದುಂಡಗೆ ಬಿಗಿದಿತ್ತು. ತೆಳು ಚರ್ಮದ ಕೆಳಗೆ ಕುಡಿದ ಹಾಲು ಬೆಳ್ಳಗೆ ಕಾಣುತ್ತಿತ್ತು. ಓಡಿ ಹೋಗಿ ವೈನಿಯ ಸೆರಗು ಜಗ್ಗಿ ಕರೆತಂದೆ. ಅವರು ಕೈ ಒರೆಸಿಕೊಂಡು ಒಂದು ಮರಿಯನ್ನು ಅಂಗೈಯಲ್ಲಿಟ್ಟುಕೊಂಡರು. "ಅಯ್ಯ ಶಿವನ, ಎದಿ ಹೆಂಗ ಬಡಕೊಳ್ಳಾಕತ್ತೈತಿ ನೋಡು" ಎಂದರು. ಅವರ ದನಿಯೂ ಆಗ ಸಣ್ಣದಾಗಿತ್ತು.

ಮರಿಗಳು ಕಣ್ಣು ಬಿಟ್ಟವು, ಕೂದಲು ಬಂತು, ಪೆಟ್ಟಿಗೆಯ ಅಂಚು ಹತ್ತಿ ಹೊರಗೆ ಬಿದ್ದವು. ಆ ದಿನಗಳಲ್ಲಿ ಅಣ್ಣ ಕೂಡ ಸಂಜೆ ಹಿತ್ತಲಿಗೆ ಬಂದು ಕೂಡುತ್ತಿದ್ದ. ಬಿಸಿಲೇರಿದಂತೆ ಗೂಡಿನ ಸುತ್ತ ಗೋಣಿಚೀಲ ತೋಯಿಸಿ ಕಟ್ಟಿದೆ. ಗೂಡು ಸಾಲದಾಯಿತು. ಚಾಚಾಗೆ ಫೋನ್ ಹಚ್ಚಿ ಎರಡು ಸೀಟಿ ಊದಿದೆ. ಆ ಕಡೆಯಿಂದ ಜೋರಾದ ನಗು ಕೇಳಿಸಿತು.

ಬುಟ್ಟಿ ಹಿಡಿದು ಬಂದವರು ಮರಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಮೂರು ಹೆಣ್ಣು, ನಾಲ್ಕು ಗಂಡು ಎಂದರು. "ಗಂಡು ಇನ್ನ ಸ್ವಲ್ಪ ದೊಡ್ಡವಾದ್ರ ಒಂದಕ್ಕೊಂದು ಹರಕೊಂಡು ಸಾಯ್ತಾವ. ಕೂಡಿ ಇಡಾಕ ಬರಂಗಿಲ್ಲ."

ವೈನಿ ನೇರವಾಗಿ ಕೇಳಿದರು. "ನೀವು ಒಯ್ದು ಏನ್ ಮಾಡ್ತೀರಿ?"

ಚಾಚಾ ತಲೆ ತಗ್ಗಿಸಿದರು. "ಹೆಣ್ಣು ನಾ ಸಾಕ್ತೀನ್ರಿ ಅಕ್ಕಾರ. ಗಂಡಿನ ವಿಷಯ ನಿಮ್ಮ ಮುಂದ ಸುಳ್ಳ ಹೇಳಂಗಿಲ್ಲ. ಹೋಟೆಲಿನವ್ರು ಕೇಳಿ ಬರ್ತಾರ."

ವೈನಿ ನನ್ನ ಕಡೆ ನೋಡಿದರು. ನಾನು ಹೆಣ್ಣುಮರಿಗಳನ್ನು ಬುಟ್ಟಿಯಲ್ಲಿಟ್ಟು, ಗಂಡುಗಳನ್ನು ಗೂಡಿಗೆ ಹಾಕಿ ಬಾಗಿಲು ಮುಚ್ಚಿದೆ. ಚಾಚಾ ಬೇಸರ ಮಾಡಿಕೊಳ್ಳಲಿಲ್ಲ. "ಹಂಗಾರ ನಾಕು ಗೂಡು ಮಾಡ್ಬೇಕಾಕ್ಕೈತಿ ನೋಡ್ರಿ" ಎಂದಷ್ಟೇ ಹೇಳಿ ಬಸ್ಸಿಗೆ ಹೊರಟರು.

ನಾಲ್ಕು ಗೂಡು ಮಾಡಿದೆ. ಹಿತ್ತಲ ಗೋಡೆಗೆ ಸಾಲಾಗಿ, ಒಂದೊಂದರಲ್ಲಿ ಒಂದೊಂದು. ಆಚೆ ತುದಿಯಲ್ಲಿ ಅಪ್ಪ, ಈಚೆ ತುದಿಯಲ್ಲಿ ತಾಯಿ. ಮತ್ತೆ ಅವನ್ನು ಕೂಡಿಸಲಿಲ್ಲ. ಇನ್ನಷ್ಟು ಮರಿಯಾದರೆ ಇಡಲು ನನ್ನಲ್ಲಿ ಜಾಗವೂ ಇರಲಿಲ್ಲ, ಕೊಡಲು ಮನಸ್ಸೂ ಇರಲಿಲ್ಲ. ಸೊಪ್ಪು ಹಿಡಿದು ಹೋದರೆ ಪ್ರತಿಯೊಂದೂ ತನ್ನ ತನ್ನ ಜಾಳಿಗೆಗೆ ಮೂಗು ಹಚ್ಚಿ ನಿಲ್ಲುತ್ತಿತ್ತು. ಒಂದು ಕಾಲದಲ್ಲಿ ಒಂದೇ ರಾಶಿಯಾಗಿ ಮಲಗಿದ್ದವು, ಈಗ ನಡುವಿನ ಹಲಗೆಯಾಚೆ ಯಾರಿದ್ದಾರೆಂದು ಅವಕ್ಕೆ ನೆನಪಿತ್ತೋ ಇಲ್ಲವೋ. ಅಣ್ಣ ಹಿತ್ತಲಿಗೆ ಬರುವುದನ್ನು ನಿಲ್ಲಿಸಿದ. ಮರಿಗಳ ಆಟ ಮುಗಿದಿತ್ತು.

ಬೇಸಿಗೆ ಜೋರಾದ ಮೇಲೆ ಒಂದು ದಿನ ತಾಯಿ ಮೊಲ ಬಾಯಿತುಂಬ ಹುಲ್ಲು ಕಚ್ಚಿಕೊಂಡು ತಿರುಗತೊಡಗಿತು. ಎದೆಯ ಕೂದಲು ಕಿತ್ತು ಮೂಲೆಯಲ್ಲಿ ಹಾಸಿತು. ಗಂಡಿನ ಹತ್ತಿರ ಹೋಗದೆಯೂ ಕೆಲವು ಸಲ ಹಾಗೆ ಸುಳ್ಳು ಬಸಿರಾಗುತ್ತದೆ ಎಂದು ಚಾಚಾ ಹಿಂದೊಮ್ಮೆ ಹೇಳಿದ್ದರು.

ವೈನಿ ಬಟ್ಟೆ ಒಣಹಾಕಲು ಬಂದವರು ನೋಡಿ, "ಮತ್ತ ಬಸರೇನು?" ಎಂದು ಕೇಳಿದರು.

"ಇಲ್ರಿ."

"ಮತ್ಯಾಕ ಹಾಸ್ಕೊಳ್ಳಾಕತ್ತೈತಿ?"

ಹೇಳಲು ಶುರು ಮಾಡಿದೆ. ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು, ಅವರು ಹೋದರು. ಎರಡು ದಿನ ಅದು ಆ ಮೂಲೆಯನ್ನು ಕಾಯಿತು. ಆಮೇಲೆ ತಾನೇ ಬಿಟ್ಟುಕೊಟ್ಟಿತು. ಮಧ್ಯಾಹ್ನದ ಬಿಸಿಗಾಳಿಗೆ ಕೂದಲು ಜಾಳಿಗೆಗೆ ಅಂಟಿಕೊಂಡಿತ್ತು. ಬೆರಳಿನಿಂದ ಬಿಡಿಸಿ ತೆಗೆದು, ಗೂಡು ಗುಡಿಸಿ, ನೀರಿನ ಡಬ್ಬಿ ತುಂಬಿಸಿದೆ.