ಗುಂಡ್ಯಾ ಹಿಕ್ಕೆ ಹಾಕಿದ ದಿನ

ಪೆಟ್ ಅಂಗಡಿಯ ಬಾಗಿಲು ತಳ್ಳಿದ ಕೂಡಲೇ ಒಣಹುಲ್ಲಿನ ವಾಸನೆ ಬಡಿದು, ಕೊಳ್ಳಲು ಹೋದದ್ದನ್ನೇ ಮರೆತು ನಿಂತಿದ್ದೀರಾ ಯಾವತ್ತಾದರೂ? ಮೊನ್ನೆ ನನಗೆ ಹಾಗಾಯಿತು. ಮಗಳು ಕೈ ಎಳೆಯುತ್ತಿದ್ದಳು. ನಾನು ಹಿಲ್ಸ್‌ಬರೋದ ನಮ್ಮ ಹಳೆಯ ಮನೆಯ ಅಡುಗೆಮನೆಯಲ್ಲಿದ್ದೆ.

ಷೇರು ಮಾರ್ಕೆಟ್ ಕುಸಿದ ಚಳಿಗಾಲ ಅದು. ನಾನು ಹೈಸ್ಕೂಲಿನಲ್ಲಿದ್ದೆ. ಜರ್ಸಿ ಸಿಟಿಯ ಆಫೀಸಿನಿಂದ ಅಪ್ಪನಿಗೆ ಲೇಆಫ್ ಆಗಿತ್ತು. ಆದರೂ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಡೈನಿಂಗ್ ಟೇಬಲ್ಲಿಗೆ ಬಂದು ಕೂರುತ್ತಿದ್ದ. ಊಟಕ್ಕೆ ಕರೆದರೆ ಮಾತ್ರ ತಲೆ ಎತ್ತುತ್ತಿದ್ದ. ಅಮ್ಮ ಈಸ್ಟ್ ಬ್ರನ್ಸ್‌ವಿಕ್‌ನ ಲ್ಯಾಬಿಗೆ ಹೋದರೆ ಕತ್ತಲಾದ ಮೇಲೇ ಬರುವುದು. ಇಡೀ ಮನೆಯಲ್ಲಿ ಮಾತೆಂದರೆ ಹುಬ್ಬಳ್ಳಿಯಿಂದ ಅಮೆರಿಕಕ್ಕೆ ಬಂದಿದ್ದ ಅಜ್ಜಿಯದು, ಅಪ್ಪನ ಅವ್ವನದು. ಆಗಲೇ ಎದುರುಮನೆಯವರು ಸಾಲ ಕಟ್ಟಲಾಗದೆ ಮನೆಯನ್ನು ಬ್ಯಾಂಕಿಗೆ ಬಿಟ್ಟು ಹೊರಟರು. ಹೋಗುವಾಗ ತಮ್ಮ ಮೊಲದ ಮರಿಯನ್ನೂ ಒಂದು ಚೀಲ ಒಣಹುಲ್ಲನ್ನೂ ನನ್ನ ಕೈಗಿಟ್ಟರು. ಅಜ್ಜಿ ಅದಕ್ಕೆ ಗುಂಡ್ಯಾ ಎಂದು ಹೆಸರಿಟ್ಟಳು, ಹುಲ್ಲು ನೋಡಿ ಸಿಟ್ಟಾದಳು.

"ಹಾಲ್ಗೂಸಿಗೆ ಯಾರರ ಹುಲ್ಲ ಹಾಕ್ತಾರೇನವಾ? ಇದೇನ ಎತ್ತೇನ?"

ನಾನು ಸ್ಕೂಲಿಗೆ ಹೋದಾಗ ಜೋಳದ ರೊಟ್ಟಿಯನ್ನು ಬಿಸಿಹಾಲಿನಲ್ಲಿ ಕಿವುಚಿ, ಬೆಲ್ಲ ಬೆರೆಸಿ, ನಮ್ಮನ್ನೆಲ್ಲ ಬೆಳೆಸಿದ ಹಾಗೆಯೇ ಬೆರಳಿನಿಂದ ತಿನ್ನಿಸಿದಳು. ಗುಂಡ್ಯಾ ನೆಕ್ಕಿ ನೆಕ್ಕಿ ತಿಂದ. ಕೆಲವೇ ದಿನಗಳಲ್ಲಿ ಮೂಲೆ ಹಿಡಿದ. ಹೊಟ್ಟೆ ಬಾರಿಸುವ ಹಲಗೆಯಂತೆ ಬಿಗಿದಿತ್ತು, ಹಿಕ್ಕೆ ಪೂರ್ತಿ ನಿಂತಿತ್ತು. ನಾನು ಅಳುತ್ತ ಮರಿಯನ್ನು ಅಪ್ಪನ ಟೇಬಲ್ಲಿನ ಮೇಲಿಟ್ಟೆ. ಅಪ್ಪ ಅದನ್ನೊಮ್ಮೆ ನೋಡಿ, ಕಾರಿನ ಕೀ ತೆಗೆದುಕೊಂಡ. ವಾರಗಳ ಮೇಲೆ ಅವನು ಮನೆಯಿಂದ ಹೊರಬಿದ್ದದ್ದು ಅಂದೇ.

ಮೊಲದ ಕರುಳು ಓಡುವುದೇ ನಾರಿನಿಂದ, ನಿಂತರೆ ಮರಿ ಉಳಿಯುವುದು ಕಷ್ಟ ಎಂದಳು ಪಶುವೈದ್ಯೆ. ಹಾಲು, ಬೆಲ್ಲ, ರೊಟ್ಟಿ ಎಲ್ಲ ಬಂದ್. ಹುಲ್ಲೇ ಊಟ, ಸೊಪ್ಪು ಕೂಡ ಸ್ವಲ್ಪ ಬೆಳೆದ ಮೇಲೆ, ಚೂರುಚೂರು. ಚರ್ಮದಡಿಗೆ ನೀರು ಏರಿಸಿ, ಔಷಧಿ ಕೊಟ್ಟಳು; ಮನೆಯಲ್ಲಿ ಹುಲ್ಲಿನ ಪುಡಿ ಕಲಸಿ ಸಿರಿಂಜಿನಲ್ಲಿ ತಿನ್ನಿಸಿರಿ, ಹೊಟ್ಟೆಯನ್ನು ಹಗುರಾಗಿ ನೀವಿರಿ ಎಂದಳು.

ಅಪ್ಪ ಬಂದು ಹೇಳಿದಾಗ ಅಜ್ಜಿಯ ಮುಖ ಬಾಡಿತು. ನೀವುವ ಮಾತು ಬಂದದ್ದೇ ತಡ, ಸೆರಗು ಸಿಕ್ಕಿಸಿದಳು.

"ಅದನ್ನ ನನಗ ಬಿಡು. ನಿನ್ನ ಹೊಟ್ಟಿ ಉಬ್ಬಿದಾಗ ಯಾವ ಡಾಕ್ಟರ್ ಬಂದಿದ್ದ?"

ಕೂಸಿಗೆ ಎರೆಯುವವಳಂತೆ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತಳು. ಗುಂಡ್ಯಾನನ್ನು ಕಾಲ ಮೇಲೆ ಕೂರಿಸಿಕೊಂಡು ಎರಡೇ ಬೆರಳಲ್ಲಿ ಹೊಟ್ಟೆ ನೀವಿದಳು. ಪಕ್ಕದಲ್ಲಿ ಅಪ್ಪ ಸಿರಿಂಜು ಹಿಡಿದು ತೊಟ್ಟುತೊಟ್ಟಾಗಿ ಕುಡಿಸಿದ. ಕೆಲಸ ಹೋದ ದಿನದ ಕಥೆಯನ್ನು ಅವನು ತನ್ನ ಅವ್ವನಿಗೆ ಮೊದಲ ಬಾರಿ ಹೇಳಿದ್ದು ಆಗಲೇ, ಕಣ್ಣನ್ನು ಮೊಲದ ಮೇಲಿಟ್ಟು. ಅಜ್ಜಿ ನೀವುತ್ತಲೇ ಕೇಳಿಸಿಕೊಂಡಳು.

ಮರುದಿನ ಸ್ಕೂಲ್ ಬಸ್ ಇಳಿದಾಗ ಅಪ್ಪ ಬಾಗಿಲಲ್ಲಿ ನಿಂತಿದ್ದ. ಇಸ್ತ್ರಿ ಅಂಗಿಯ ತುಂಬ ಹುಲ್ಲಿನ ಪುಡಿ. ಮುಷ್ಟಿ ಬಿಚ್ಚಿ ತೋರಿಸಿದ: ಅಂಗೈ ಮೇಲೆ ಮೆಣಸಿನ ಕಾಳಿನಂಥ ಒಂದು ಹಿಕ್ಕೆ.

"ಹಾಕ್ಯಾನ," ಎಂದ.

"ಇನ್ನೂ ಹಾಕಾಕತ್ತಾನ, ಒಳಗ ಬರ್ರಿ," ಎಂದಳು ಅಜ್ಜಿ ಒಳಗಿನಿಂದ.

ಅಪ್ಪ ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮೂವರೂ ನೆಲದ ಮೇಲೆ ಕೂತು, ಕೊನೆಯ ಓವರ್ ನೋಡುವವರಂತೆ, ಒಂದೊಂದು ಹಿಕ್ಕೆಗೂ ಚಪ್ಪಾಳೆ ತಟ್ಟಿದೆವು. ಸಂಜೆ ಅಜ್ಜಿ ಗುಂಡ್ಯಾನಿಗೆ ಉಪ್ಪು ನಿವಾಳಿಸಿದಳು, ನಮಗೆಲ್ಲ ಗೋಧಿ-ಬೆಲ್ಲದ ಮಾದಲಿ ಮಾಡಿದಳು. ಅವನ ಮುಂದೆ ಮಾತ್ರ ತನ್ನ ಕೈಯಾರೆ ಒಂದು ಹಿಡಿ ಹುಲ್ಲಿಟ್ಟಳು.

ಗುಂಡ್ಯಾ ಹುಲ್ಲು ತಿಂದುಕೊಂಡೇ ನಾನು ಕಾಲೇಜು ಮುಗಿಸುವವರೆಗೂ ಬದುಕಿದ. ಈಗ ಅಜ್ಜಿ ಇಲ್ಲ. ಆ ಮನೆಯ ಅಡುಗೆಮನೆಯಲ್ಲಿ ಯಾರೋ ಬೇರೆಯವರು ಚಹಾ ಕಾಸುತ್ತಿದ್ದಾರೆ. ಆದರೆ ಒಣಹುಲ್ಲಿನ ಆ ವಾಸನೆಯೊಳಗೆ ಅಪ್ಪ ಇನ್ನೂ ನಗುತ್ತಿದ್ದಾನೆ, ಮುಷ್ಟಿ ಬಿಚ್ಚಿಕೊಂಡು.

ನಿಮ್ಮ ಮನೆಯಲ್ಲಿ ಯಾವ ಮರಿಗೆ ಯಾರು ಪ್ರೀತಿಯಿಂದ ಏನು ತಿನ್ನಿಸಿ ಪಜೀತಿ ಮಾಡಿದ್ದರು? ಕೆಳಗೆ ಬರೆಯಿರಿ. ಹಿಕ್ಕೆಯ ಕಥೆ ಎಂದು ನಾಚಬೇಡಿ, ನಾನೇ ಬರೆದಿದ್ದೇನಲ್ಲ.