ಲೋಕೇಶನ ತುಂಬುತೋಳಿನ ಅಂಗಿ

ಏಪ್ರಿಲ್ ಬಿಸಿಲಿನಲ್ಲೂ ಲೋಕೇಶ ತುಂಬುತೋಳಿನ ಅಂಗಿ ತೊಟ್ಟು, ಮುಂಗೈ ಗುಂಡಿ ಹಾಕಿಕೊಂಡೇ ತೆಂಗಿನಕಾಯಿ ಸುಲಿಯುತ್ತಿದ್ದ. ಬಾಣಾವರದ ನಮ್ಮ ಕಾಯಿ ಶೆಡ್ಡಿನಲ್ಲಿ ಉಳಿದ ಗಂಡಸರೆಲ್ಲ ಬರಿಮೈ. ಅವನೊಬ್ಬ ಮದುವೆಗೆ ಹೊರಟವನ ಹಾಗೆ.

ಕೆಲಸಗಾರ ಮಾತ್ರ ಒಳ್ಳೆಯವನು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಮೂರು ಸಲ ತಿರುವಿದರೆ ಸಿಪ್ಪೆ ಬೇರೆ, ಕಾಯಿ ಬೇರೆ. ಉಳಿದ ನಾರು ಕೀಳುತ್ತಾ ಕೂತ ನನ್ನನ್ನು ಕೆಣಕುತ್ತಿದ್ದ.

"ನೀನು ಒಂದು ಕಾಯಿ ಮುಗ್ಸೋ ಹೊತ್ಗೆ ನಾನು ಅರಸೀಕೆರೆಗೋಗಿ ಟೀ ಕುಡ್ಕಂಡು ಬತ್ತೀನಿ ಕಣಜ್ಜಿ."

"ಹೋಗು, ಬರ್ಬೇಡ," ಅನ್ನುತ್ತಿದ್ದೆ.

ಕುರುವಿಗೆ ಕಟ್ಟು ಕಟ್ಟುವುದರಲ್ಲಿ ನನ್ನದು ಒಳ್ಳೆಯ ಕೈಗುಣ ಎಂದು ಊರಲ್ಲಿ ಹೆಸರು. ರಾಗಿ ಹಿಟ್ಟು ಬೇಯಿಸಿ, ಸುಟ್ಟ ಈರುಳ್ಳಿ ಸೇರಿಸಿ ಬಿಸಿಯಾಗಿ ಕಟ್ಟುತ್ತೇನೆ. ಒಂದು ದಿನ ಲೋಕೇಶನ ಮೊಣಕೈ ಮಡಿಕೆಯಲ್ಲಿ ಕುರು ಎದ್ದಿತ್ತು. ನಾರು ಚುಚ್ಚಿತು ಎಂದ. ಕಟ್ಟಿದೆ, ಒಡೆಯಿತು. ತಿಂಗಳೊಳಗೆ ಇನ್ನೊಂದು ತೋಳಿಗೆ ಬಂತು. ಈ ಸಲ ಅಂಗಿ ತೋಳನ್ನು ಪೂರ್ತಿ ಮೇಲೆ ಸರಿಸಿದೆ. ನರದುದ್ದಕ್ಕೂ ಕಪ್ಪು ಚುಕ್ಕೆ, ಇರುವೆ ಸಾಲಿನಂತೆ. ನರ ಮುಟ್ಟಿದರೆ ಹುರಿಹಗ್ಗ.

"ಏನ್ಲಾ ಇದು?"

"ಸೊಂಟನೋವಿಗೆ ಅಂತ ಈ ಸೂಜಿ ಶುರುವಾಯ್ತಜ್ಜಿ. ಈಗ ಚುಚ್ಕಳ್ದಿದ್ರೆ ಮೈಯೆಲ್ಲ ಕಿತ್ಕಂಡು ಬತ್ತೈತೆ. ಗೀತಂಗೆ ಮಾತ್ರ ಹೇಳ್ಬೇಡ."

ಗೀತ ಅವನ ಹೆಂಡತಿ. ಸುಲಿದ ಕಾಯೊಂದನ್ನು ನನ್ನ ಅಂಗೈಗಿಟ್ಟು ಆಣೆ ಹಾಕಿಸಿಕೊಂಡ. ಕಾಯಿ ಮುಟ್ಟಿ ಆಡಿದ ಮಾತಿಗೆ ನಮ್ಮ ಶೆಡ್ಡಿನಲ್ಲಿ ಯಾರೂ ತಪ್ಪುವುದಿಲ್ಲ. ಬಾಯಿ ಮುಚ್ಚಿಕೊಂಡು ಆ ಕುರುವಿಗೂ ಕಟ್ಟು ಕಟ್ಟಿದೆ. ದಿನಾ ಅವನು ಬರುತ್ತಲೇ ಅಂಗಿ ತೋಳಿನ ಮೇಲೆ ಕೀವಿನ ಕಲೆ ಇದೆಯೇ ಎಂದು ಹೆದರಿ ಹೆದರಿ ನೋಡುತ್ತಿದ್ದೆ.

ಆಮೇಲೆ ಜ್ವರ ಹಿಡಿಯಿತು. ಬಿಸಿಲಲ್ಲಿ ಕೂತರೂ ಹಲ್ಲು ಕಟಕಟ. ಹತ್ತು ಕಾಯಿಗೇ ಏದುಸಿರು. ಟೀ ಮಾತು ನಿಂತಿತು. ಒಂದು ಬೆಳಿಗ್ಗೆ ಮೊನೆಯ ಪಕ್ಕದಲ್ಲೇ ಕುಸಿದ. ಗೀತ, ನಾನು ಆಟೋದಲ್ಲಿ ಅರಸೀಕೆರೆಗೆ ಒಯ್ದೆವು.

ಆಸ್ಪತ್ರೆಯ ಡಾಕ್ಟರಮ್ಮ ಅವನ ಎದೆಬಡಿತವನ್ನು ಬಹಳ ಹೊತ್ತು ಕೇಳಿಸಿಕೊಂಡರು. "ನರಕ್ಕೆ ಏನಾದ್ರೂ ಚುಚ್ಕೊಳ್ತಾರಾ?"

"ಅಯ್ಯೋ, ಬೀಡಿನೂ ಸೇದಲ್ಲ ಮೇಡಂ," ಎಂದಳು ಗೀತ.

ಲೋಕೇಶ ನನ್ನನ್ನೇ ನೋಡಿದ. ಆ ಕಾಯಿ ಇನ್ನೂ ಕೈಯಲ್ಲೇ ಇದ್ದ ಹಾಗೆ ನನ್ನ ಅಂಗೈ ಬೆವರಿತು. ಡಾಕ್ಟರಮ್ಮ ಜ್ವರದ ಚೀಟಿ ಬರೆಯತೊಡಗಿದರು. ನಾನು ಎದ್ದು ಅವನ ಅಂಗಿಯ ಎರಡೂ ತೋಳನ್ನು ಮೇಲಕ್ಕೆಳೆದೆ. ಚುಕ್ಕೆಗಳ ನಡುವೆ ಒಂದರಲ್ಲಿ ಹಳೆಯ ಕುರುವಿನ ಗಾಯ, ಇನ್ನೊಂದರಲ್ಲಿ ರಾಗಿ ಹಿಟ್ಟಿನ ಕಟ್ಟು.

ಗೀತ ಬಾಯಿಗೆ ಸೆರಗು ತುರುಕಿಕೊಂಡಳು. ಡಾಕ್ಟರಮ್ಮನ ಪೆನ್ನು ನಿಂತಿತು.

"ಸೂಜಿಯಿಂದ ನಂಜು ರಕ್ತಕ್ಕಿಳಿದು ಹೃದಯದ ಕವಾಟ ತಿಂತಿರಬಹುದು. ಈಗ್ಲೇ ಹಾಸನಕ್ಕೆ ಹೊರಡಿ. ಮೊದಲ ಕುರು ಬಂದಾಗ್ಲೇ ಯಾಕೆ ಕರ್ಕೊಂಡು ಬರ್ಲಿಲ್ಲ? ಇದಕ್ಕೆ ಕಟ್ಟು ಕಟ್ಟಿದ್ದು ಯಾರು?"

"ನಾನೇ," ಅಂದೆ.

ಆಂಬುಲೆನ್ಸಿನಲ್ಲಿ ಮಲಗಿಸಿದಾಗ ಅವನು ಅಂಗಿ ತೋಳು ಕೆಳಗೆಳೆದು ಗುಂಡಿ ತಡಕಾಡುತ್ತಿದ್ದ. ನಾನೇ ಹಾಕಿದೆ.

"ಆಣೆ ಮುರ್ದೆ ಕಣಜ್ಜಿ."

"ಹೂಂ ಕಣ್ಲಾ. ತಡವಾಗಿ ಮುರ್ದೆ."

ಮೂರನೆಯ ದಿನ ಹಾಸನದಿಂದ ಹೆಣ ಬಂತು.

ಈಗಲೂ ಕುರು ಎದ್ದವರು ನನ್ನ ಬಾಗಿಲಿಗೆ ಬರುತ್ತಾರೆ. ಹಿಟ್ಟು ಬೇಯಿಸುವುದನ್ನು ಬಿಟ್ಟಿದ್ದೇನೆ. ಅಂಗಿಯ ಎರಡೂ ತೋಳು ಮಡಚು ಅನ್ನುತ್ತೇನೆ. ಅವರು ಗುಂಡಿ ಬಿಚ್ಚುವವರೆಗೂ ನನ್ನ ಎದೆ ಹೊಡೆದುಕೊಳ್ಳುತ್ತಿರುತ್ತದೆ.